ಕಮಲಾಪುರದ ಒದೆ

ಬೆನ್ನುನೋವು ಬಂತೆಂದು ದತ್ತಪ್ಪನವರಿಗೆ ಅಷ್ಟು ಸಿಟ್ಟಿರಲಿಲ್ಲ. ಅದು ಬಂದ ರೀತಿಗೆ ಸಿಟ್ಟಿತ್ತು. ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರು ಗಂಜಿನಲ್ಲಿ ತಲೆ ನರೆಯುವ ತನಕ ತೊಗರಿ ದಲಾಲಿ ಮಾಡಿದ ಮನುಷ್ಯ. ಚೀಲ ಎತ್ತುವಾಗ ಸೊಂಟ ಹಿಡಿದಿದ್ದರೆ ನಾಲ್ಕು ಜನರೆದುರು ಹೇಳಿಕೊಳ್ಳಲು ಮರ್ಯಾದೆ ಇರುತ್ತಿತ್ತು. ಅವರಿಗೆ ಹಿಡಿದದ್ದು ಖೂಬಾ ಪ್ಲಾಟ್ ಬಡಾವಣೆಯ ಸ್ವಂತ ಮನೆಯಲ್ಲಿ, ಸೋಫಾದ ಕೆಳಗೆ ಬಿದ್ದ ಟಿ.ವಿ. ರಿಮೋಟು ತೆಗೆಯಲು ಬಗ್ಗಿದಾಗ. ಬಗ್ಗಿದವರು ಬಗ್ಗಿಯೇ ಉಳಿದರು. ಸೊಂಟದಲ್ಲಿ ಹುಟ್ಟಿದ ನೋವು ತೊಡೆಯ ಹಿಂದಿನಿಂದ ಇಳಿದು, ಮೀನಖಂಡ ದಾಟಿ, ಹಿಮ್ಮಡಿಗೆ ಬಂದು ಠಿಕಾಣಿ ಹೂಡಿತು.

"ಏನ್ ಹುಡುಕಾಕತ್ತೀರಿ?" ಎಂದು ಹೆಂಡತಿ ಶಿವಕಾಂತಮ್ಮ ಅಡುಗೆಮನೆಯಿಂದ ಕೇಳಿದರು.

"ಏನಿಲ್ಲ."

"ಮತ್ತ ಆಗಿನಿಂದ ನೆಲಕ್ಕ ನಮಸ್ಕಾರ ಮಾಡಿದಂಗ ನಿಂತೀರಲ್ಲ?"

ಡಾಕ್ಟರು ಸ್ಕ್ಯಾನ್ ನೋಡಿ, ಬೆನ್ನುಮೂಳೆಗಳ ನಡುವಿನ ಮೆತ್ತೆ ಜರುಗಿ ನರವನ್ನು ಒತ್ತುತ್ತಿದೆ ಎಂದರು. ದತ್ತಪ್ಪನವರ ಕಣ್ಣಿಗೆ ಆಗಲೇ ಕತ್ತರಿ, ಚಾಕು ಕಾಣಿಸಿದವು.

"ಆಪರೇಶನ್ ಈಗ ಬ್ಯಾಡ್ರಿ. ಇಂಥಾವು ಬಹಳಷ್ಟು ಕೊಯ್ಯಲಾರ್ದೇ ಕಡಿಮಿ ಆಗ್ತಾವ," ಎಂದರು ಡಾಕ್ಟರು. "ಗುಳಿಗಿ ಕೊಡ್ತೀನಿ. ದಿನಾ ನಡೀರಿ, ವ್ಯಾಯಾಮ ಮಾಡ್ರಿ, ಹಾಸಿಗಿ ಹಿಡೀಬ್ಯಾಡ್ರಿ. ಕಾಲಾಗಿನ ಶಕ್ತಿ ಹೋದ್ರ, ಇಲ್ಲಾ ಮೂತ್ರದ ಹಿಡಿತ ತಪ್ಪಿದ್ರ ಮಾತ್ರ ಓಡಿ ಬರ್ರಿ."

(ಓಡಲು ಬರುವಂತಿದ್ದರೆ ಇಲ್ಲಿಗೇಕೆ ಬರುತ್ತಿದ್ದೆ ಎಂದು ದತ್ತಪ್ಪ ಮನಸ್ಸಿನಲ್ಲೇ ಅಂದುಕೊಂಡರು.)

ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವವಳು ಮಾಯಾ ಎಂಬ ಹುಡುಗಿ. ಬೋರಲು ಮಲಗಿಸಿ, ಹಾವಿನಂತೆ ಎದೆ ಎತ್ತಿಸುತ್ತಿದ್ದಳು. ಆಮೇಲೆ ಅಂಗಾತ ಮಲಗಿಸಿ ಸೊಂಟ ಎತ್ತಿಸುತ್ತಿದ್ದಳು. ಮೊದಲ ದಿನವೇ ದತ್ತಪ್ಪ ಮಂಚದ ಮೇಲೆ ಕೂಸಿನ ಹಾಗೆ ಬೋರಲಾಗಿರುವಾಗ ಪರದೆಯ ಆಚೆಯಿಂದ ಒಂದು ಪರಿಚಿತ ದನಿ ಕೇಳಿತು. "ದತ್ತಪ್ನೋರು ಹೌದಲ್ರಿ? ನರಳೋದ್ರಾಗೇ ಗುರ್ತು ಹಿಡಿದೆ. ತೊಗರಿ ಧಾರಣಿ ಏನ್ ನಡದದ?" ಗಂಜಿನ ಇನ್ನೊಬ್ಬ ದಲ್ಲಾಳಿ, ಅವನದು ಕುತ್ತಿಗೆ ನೋವಂತೆ.

ಮರುದಿನ ದತ್ತಪ್ಪ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಮಗ್ಗುಲಾಗಿ ಮಲಗಿ ಗೋಡೆ ನೋಡುತ್ತಿದ್ದವರಿಗೆ ಒಂದು ಮಹಾಜ್ಞಾನ ಉದಯವಾಯಿತು.

"ನಾ ಕಮಲಾಪುರಕ್ಕ ಹೋಗ್ತೀನಿ. ಮರೆಪ್ಪನ ಕಡಿಂದ ಒದಿಸಿಕೊಂಡು ಬರ್ತೀನಿ."

ಮದುವೆಯಾದ ಹೊಸತರಲ್ಲಿ ದತ್ತಪ್ಪ ಕಮಲಾಪುರದ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರಾಗಿದ್ದರು. ಸಂಜೆಯಾದರೆ ತಾಲೀಮು, ಅಂದರೆ ಪೈಲ್ವಾನರ ಕೆಮ್ಮಣ್ಣಿನ ಮನೆ. ಅಲ್ಲಿ ಮರೆಪ್ಪ ಜೀವದ ಗೆಳೆಯ. ಒಮ್ಮೆ ಸೊಂಟ ಉಳುಕಿದಾಗ ಮರೆಪ್ಪ ಬೆನ್ನಿಗೆ ಒಂದೇ ಒಂದು ಸಲ ಒದ್ದಿದ್ದ, ಇವರು ಎದ್ದು ಕುಣಿದಿದ್ದರು. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಬೆನ್ನುನೋವು ಹೋಗುತ್ತದೆಂದು ಆ ಕಡೆಯ ನಂಬಿಕೆ. ಮರೆಪ್ಪ ಹಾಗೆ ಹುಟ್ಟಿದವನು.

"ಆಗ ನಿಮ್ಮದು ಎಳೇ ವಯಸ್ಸು," ಎಂದರು ಶಿವಕಾಂತಮ್ಮ. "ಒದ್ರೂ ಆರಾಮ ಆಗ್ತಿತ್ತು, ಒದೀಲಾರ್ದೆ ಇದ್ರೂ ಆರಾಮ ಆಗ್ತಿತ್ತು. ಈಗ ಒದ್ರ ಮಂದಿ ಹೊತ್ಕೊಂಡು ಬರ್ಬೇಕಾಗ್ತದ."

"ನಿನಗೇನು ತಿಳೀತದ ತಾಲೀಮಿನ ವಿಚಾರ?"

"ತಿಳೀಲಾರ್ದೇ ಏನ್ರಿ? ನೀವು ಗೆದ್ದದ್ದು ಒಂದೇ ಕುಸ್ತಿ. ಅವತ್ತು ಎದುರಿನವ ಬಂದಿರಲಿಲ್ಲ."

ಆದರೂ ಗಂಡನನ್ನು ಒಬ್ಬರನ್ನೇ ಕಳಿಸುವ ಧೈರ್ಯ ಆಕೆಗಾಗಲಿಲ್ಲ. ಬಾಡಿಗೆ ಕಾರು ಬಂತು. ಊರ ಹೊರಗಿನ ಕಪನೂರ ದಾಟಿದ ಮೇಲೆ ದತ್ತಪ್ಪನವರ ನೆನಪಿನ ಗಾಡಿ ಕಾರಿಗಿಂತ ಜೋರಾಗಿ ಓಡತೊಡಗಿತು. ಕಮಲಾಪುರದ ತೋಟಗಳ ಗಾಳಿಯೇನು, ಆ ಕೆಂಪು ಬಾಳೆಹಣ್ಣಿನ ಘಮವೇನು, ತಾಲೀಮು ಮುಗಿಸಿ ಕುಡಿಯುತ್ತಿದ್ದ ಹಾಲೇನು. ಶಿವಕಾಂತಮ್ಮ ಪ್ರತಿಯೊಂದಕ್ಕೂ ಒಂದು ತಿದ್ದುಪಡಿ ಹಾಕುತ್ತ ಬಂದರು. ಗಾಳಿಯ ಸಂಗಡ ನೊಣಗಳೂ ಬರುತ್ತಿದ್ದವು. ಬಾವಿ ನೀರು ಸೇದಿ ಸೇದಿ ತಮ್ಮ ಅಂಗೈಯಲ್ಲಿ ಬೊಬ್ಬೆ ಏಳುತ್ತಿದ್ದವು. ಹಾಲು ಇವರು ಕುಡಿದರೆ ಮನೆಯಲ್ಲಿ ಕರಿ ಚಹಾ.

ತಾವಿದ್ದ ಓಣಿಯ ಹತ್ತಿರ ಬಂದಾಗ ಮಾತ್ರ ಆಕೆ ಕಾರು ನಿಲ್ಲಿಸಲು ಹೇಳಿದರು. ಒಂದೇ ಕೋಣೆಯ ಆ ಕಲ್ಲಿನ ಮನೆ ಇರಲಿಲ್ಲ. ಮೊಬೈಲ್ ಅಂಗಡಿಯಾಗಿತ್ತು.

"ಅಲ್ಲಿ ಆ ಕವರ್ ತೂಗಿ ಹಾಕ್ಯಾರಲ್ರಿ, ಅಲ್ಲೇ ನಮ್ಮ ಒಲಿ ಇತ್ತು," ಎಂದರು ಶಿವಕಾಂತಮ್ಮ. ಆ ಕಡೆಯೇ ನೋಡುತ್ತ, "ತಾಲೀಮಿನಿಂದ ಮೈಯೆಲ್ಲಾ ಮಣ್ಣು ಮಾಡ್ಕೊಂಡು ಬರ್ತಿದ್ರಿ. ಬಿಸಿನೀರು ಹಾಕಿ ಬೆನ್ನು ತಿಕ್ಕತಿದ್ದೆ. ಎಷ್ಟ್ ತಿಕ್ಕಿದ್ರೂ ಕೆಂಪನೇ ನೀರು ಹೋಗ್ತಿತ್ತು," ಎಂದರು. ಇದೊಂದು ನೆನಪಿಗೆ ಮಾತ್ರ ಇಬ್ಬರಲ್ಲೂ ತಕರಾರಿರಲಿಲ್ಲ.

ಮರೆಪ್ಪ ತಾಲೀಮಿನ ಕಟ್ಟೆಯ ಮೇಲೆಯೇ ಸಿಕ್ಕ. ಮೀಸೆ ಹತ್ತಿಯಾಗಿತ್ತು, ದನಿ ಮಾತ್ರ ಹಾಗೇ ಇತ್ತು. "ಲೇ ದತ್ತ್ಯಾ, ಹೊಟ್ಟಿ ನೋಡು, ತೊಗರಿ ಚೀಲ ಆಗ್ಯದ," ಎಂದು ಅಪ್ಪಿಕೊಂಡ. ದತ್ತಪ್ಪ ಬಂದ ಕೆಲಸ ಹೇಳಿ, ಅಂಗಿ ಬಿಚ್ಚಿ, ಒಳಗಿನ ಕೆಮ್ಮಣ್ಣಿನ ಮೇಲೆ ಬೋರಲು ಮಲಗಿಬಿಟ್ಟರು.

"ಹೂಂ, ಒದಿ."

"ಒದಿಯಂಗಿಲ್ಲ. ಒದಿಯೋದು ಬಿಟ್ಟೀನಿ," ಎಂದ ಮರೆಪ್ಪ. "ಹೋದ ವರ್ಷ ನನ್ನ ಸೊಂಟಾನೇ ಹೋಯ್ತು. ಊರಿಗೆಲ್ಲಾ ನಾ ಒದ್ದೆ, ನನಗ್ಯಾರು ಒದೀಬೇಕು? ಕಲಬುರಗಿಗಿ ಹೋದೆ. ಅಲ್ಲಿ ಮಾಯಾ ಅಂತ ಒಂದು ಹುಡುಗಿ ಅದಾಳಪ್ಪ, ನಮಗ ಕುಸ್ತಿ ಕಲಿಸಿದ ಉಸ್ತಾದಗಿಂತ ಖಡಕ್. ನರ ಒತ್ತಿದಾಗ ಒದ್ರ ಕಾಲೇ ಹೋದೀತು ಅಂತ ಬೈದಳು. ಆಕಿ ಕಲಿಸಿದ್ದು ಈಗ ನಾ ದಿನಾ ಮಾಡ್ತೀನಿ. ಎತ್ತು ಎದಿ. ಹಾವಿನಂಗ."

ಶಿವಕಾಂತಮ್ಮ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು. ದತ್ತಪ್ಪ ಎದ್ದು ಹೋಗುತ್ತಿದ್ದರೇನೋ. ಆದರೆ ಮೂಗಿನ ತುದಿಗೆ ಆ ಮಣ್ಣಿತ್ತು. ಎಣ್ಣೆ, ಅರಿಶಿನ, ಮಜ್ಜಿಗೆ ಕಲಸಿದ ಅದೇ ವಾಸನೆ. ಬೆನ್ನ ಮೇಲೆ ಮರೆಪ್ಪನ ಅಂಗೈ ಇತ್ತು, ಆಗಿನಷ್ಟೇ ಒರಟಾಗಿ. ಅವರು ಎದೆ ಎತ್ತಿದರು. ಕಣ್ಣಲ್ಲಿ ನೀರು ಬಂದದ್ದು ನೋವಿಗೋ ಮತ್ತೇತಕ್ಕೋ ಅವರಿಗೇ ತಿಳಿಯಲಿಲ್ಲ.

"ವೈನಿ, ಬರ್ರಿಲ್ಲಿ," ಎಂದು ಮರೆಪ್ಪ ಶಿವಕಾಂತಮ್ಮನವರನ್ನು ಕರೆದ. "ನೋಡಿ ಕಲೀರಿ. ಇಂವಾ ಮೈಗಳ್ಳ, ಮನ್ಯಾಗ ಯಾರರೆ ನಿಂತು ಮಾಡಿಸ್ಬೇಕು."

ಅಲ್ಲಿಗೆ ದತ್ತಪ್ಪನವರ ಹಣೆಬರಹ ಬದಲಾಯಿತು. ಮಾಯಾ ಎಂಬ ಉಸ್ತಾದಳಿಂದ ತಪ್ಪಿಸಿಕೊಳ್ಳಲು ಕಮಲಾಪುರಕ್ಕೆ ಹೋದವರು ಮನೆಗೇ ಒಬ್ಬ ಉಸ್ತಾದಳನ್ನು ಕರೆತಂದರು. ಬೆಳಗಾದರೆ ಚಾಪೆ. ಚಾಪೆಯ ಆಚೆ ಶಿವಕಾಂತಮ್ಮ. ವ್ಯಾಯಾಮ ಮುಗಿಯದೆ ಚಹಾ ಇಲ್ಲ. ಸಂಜೆ ಬಡಾವಣೆಯ ಸುತ್ತ ನಡಿಗೆ. ಆಕೆ ಮುಂದೆ, ಇವರು ಹಿಂದೆ. ಮಾಯಾ ಕೂಡ ಒಮ್ಮೆ ನೋಡಿ, "ಆಂಟಿ ನನಗಿಂತ ಚೊಲೋ ಮಾಡಿಸ್ತಾರ," ಎಂದು ಸರ್ಟಿಫಿಕೇಟು ಕೊಟ್ಟಳು.

ನೋವು ಹಿಮ್ಮಡಿ ಬಿಟ್ಟಿತು, ಮೀನಖಂಡ ಬಿಟ್ಟಿತು, ತೊಡೆಯಲ್ಲಿ ಕೆಲವು ವಾರ ಹಟ ಹಿಡಿದು ಕೊನೆಗೆ ಸೊಂಟದಲ್ಲೂ ಇಲ್ಲವಾಯಿತು. ದತ್ತಪ್ಪ ಇದನ್ನು ಯಾರಿಗೂ ಹೇಳಲಿಲ್ಲ. ವ್ಯಾಯಾಮ ಮುಗಿದ ಮೇಲೆ ಶಿವಕಾಂತಮ್ಮ ಬಿಸಿನೀರಿನ ಚೀಲ ಇಟ್ಟು, ಪಕ್ಕದಲ್ಲಿ ಕೂತು, ಒಂದಿಷ್ಟು ಹೊತ್ತು ಬೆನ್ನ ಮೇಲೆ ಕೈಯಾಡಿಸುತ್ತಿದ್ದರು. ಕಮಲಾಪುರದ ಮಾತು ತೆಗೆಯುತ್ತಿದ್ದರು. ಅದನ್ನು ಕಳೆದುಕೊಳ್ಳಲು ದತ್ತಪ್ಪನವರಿಗೆ ಮನಸ್ಸಿರಲಿಲ್ಲ. ಹಾಗಾಗಿ ಏಳುವಾಗ "ಅಯ್ಯಪ್ಪಾ" ಅನ್ನುವುದು, ಕೂರುವಾಗ "ಶಿವನೇ" ಅನ್ನುವುದು ತಪ್ಪದೆ ನಡೆದಿತ್ತು.

ಒಂದು ಬೆಳಗ್ಗೆ ಶಿವಕಾಂತಮ್ಮ ಚಹಾ ಕೊಡುತ್ತ, "ಮ್ಯಾಲಿನ ಗಾದಿ ಎಲ್ಲಾ ಬಿಸಿಲಿಗಿ ಹಾಕ್ರಿ. ಫ್ಯಾನೂ ಒರಸ್ರಿ," ಎಂದರು.

"ನನಗ ನೋವದ," ಎಂದರು ದತ್ತಪ್ಪ ಸೊಂಟ ಹಿಡಿದುಕೊಂಡು.

"ನೋವು ಹೋಗಿ ವಾರ ಆಗ್ಯದ."

"ನಿನಗ್ಯಾರು ಹೇಳಿದ್ರು?"

"ನೋವಿದ್ದಷ್ಟು ದಿನ ನೀವು ನಿದ್ದಿ ಮಾಡ್ತಿರಲಿಲ್ಲ, ನಾ ಮಾಡ್ತಿದ್ದೆ," ಎಂದರು ಶಿವಕಾಂತಮ್ಮ. "ಈಗ ವಾರದಿಂದ ನೀವು ಗೊರಕಿ ಹೊಡೆಯಾಕತ್ತೀರಿ, ನಾ ಎದ್ದು ಕುಂತಿರ್ತೀನಿ. ಗಾದಿ ನಾಕು ಅದಾವ. ಬಗ್ಗೂವಾಗ ಮೊಣಕಾಲು ಮಡಚಿ ಬಗ್ರಿ."