ಉಪವಾಸದ ಮಡಿ

ಜೋಳದ ಸಂಶೋಧನಾದಾಗ ಕೆಲಸಾ ಮಾಡಾಂವ ಅಂದ್ರ ಮಂದಿ ನನ್ನ ಭಾಳ ಶಾಣ್ಯಾ ಅಂತ ತಿಳೀತಾರ. ಖರೆ ಹೇಳ್ಬೇಕಂದ್ರ ನನ್ನ ನೌಕರಿ ತುಂಬ ಬರೇ ಫಜೀತಿ. ಎಪ್ಪತ್ತರ ದಶಕದ ಒಂದ ಸುಗ್ಗಿದು ಕೇಳ್ರಿ, ಸಾಕು.

ಆವಾಗ ನಾ ಹಂಗಾಮಿ ಸಹಾಯಕ. ಡೋಣಿ ಊರಾಗ ಒಬ್ಬಾಕಿ ವಯಸ್ಸಾದ ಆಯಿ ಹೊಲದಾಗ ಹೈಬ್ರಿಡ್ ಜೋಳದ ಪ್ರಯೋಗ ನಡಸೂದು ನನ್ನ ಕೆಲಸ. ಅದು ನೆಟ್ಟಗಾದ್ರ ನೌಕರಿ ಕಾಯಂ. ಕೆಟ್ಟಿತೋ, ಮುಳಗುಂದಕ್ಕ ವಾಪಸ್ ಹೋಗಿ ಅಪ್ಪನ ಕಿರಾಣಿ ಅಂಗಡ್ಯಾಗ ಮೆಣಸಿನಕಾಯಿ ತೂಗೂದು. ನನಗ ಮೆಣಸಿನಕಾಯಿ ಘಾಟಿಗೆ ಸೀನು ನಿಂದ್ರೂದಿಲ್ಲ.

೧. ಚೀಟಿ

ಧಾರವಾಡದಿಂದ ಗಣಿತದ ಸಾಹೇಬ್ರು ಬಂದ್ರು. ಹೊಲಾನ ಎಂಟು ತುಂಡು ಹರದು ಎಂಟು ಮಡಿ ಮಾಡಿಸಿ, ಒಂದು ಡಬ್ಬ್ಯಾಗ ಎಂಟು ಚೀಟಿ ಹಾಕಿದ್ರು. ಏಳರಾಗ ಸರಕಾರಿ ಗೊಬ್ಬರದ ಬ್ಯಾರೆ ಬ್ಯಾರೆ ಅಳತಿ. ಎಂಟನೇದರಾಗ 'ಏನೂ ಇಲ್ಲ'. ಯಾವ ಮಡಿಗೆ ಯಾವ ಚೀಟಿ ಬರ್ತೈತೋ ಅದಕ್ಕ ಅಷ್ಟ. ಅದನ್ನ ಬರದ ಗೂಟ ಆ ಮಡ್ಯಾಗ ನಾ ಹುಗೀಬೇಕು.

ಹೊಲದ ಒಡತಿ ಅಂತ ಆಯಿ ಕಡೆ ಎತ್ತಿಸಿದ್ರು. ಬನ್ನಿ ಗಿಡದ ಬಾಜೂಕಿನ ಮಡಿ ಅಂದ್ರ ಆಯಿಗೆ ಜೀವ, ದಿನಾ ಬುತ್ತಿ ಬಿಚ್ಚೂದು ಅಲ್ಲೇ. ಅದಕ್ಕ ಬಂತು ನೋಡ್ರಿ, 'ಏನೂ ಇಲ್ಲ'!

"ಕೈ ತಪ್ಪಿತ್ರಿ. ಇನ್ನೊಮ್ಮಿ ಎತ್ತತೀನಿ," ಅಂದ್ಲು ಆಯಿ.

"ಬಂದ ಚೀಟಿ ಬಂದಂಗ, ಆಯಿ. ಬ್ರಹ್ಮ ಬಂದ್ರೂ ಬದಲಿಲ್ಲ. ಗಣಿತ ಅಂದ್ರ ಗಣಿತ."

"ಅಲ್ರೀ ಸಾಹೇಬ್ರ, ಏಳು ಮಕ್ಕಳಿಗೆ ಊಟಾ ಹಾಕಿ ಒಂದನ್ನ ಉಪವಾಸ ಕೆಡವತೀರಲ್ಲ, ನಿಮ್ಮ ಗಣಿತಕ್ಕ ತಾಯಿ ಇಲ್ಲೇನು?"

ಸಾಹೇಬ್ರು ಡಬ್ಬಿ ಬಗಲಾಗ ಇಟಗೊಂಡು ಗಡಬಡಿಸಿ ಜೀಪ್ ಹತ್ತಿದ್ರು.

೨. ಐದು ಹೆಸರು

ಪಂಚಮಿ ಮುಂದ ಸಾಹೇಬ್ರ ಜೀಪಿನ್ಯಾಗ ಒಬ್ಬ ಮೆದುಳಿನ ಡಾಕ್ಟರೂ ಬಂದ್ರು. ವಯಸ್ಸಾದವ್ರ ನೆನಪಿನ ಶಕ್ತಿ ಪರೀಕ್ಷಾ ಮಾಡೂದು ಅವರ ಸಂಶೋಧನಾ. ಆಯಿನ್ನ ಕುಂಡ್ರಿಸಿಕೊಂಡು, "ಐದು ಹೆಸರು ಹೇಳತೀನಿ, ಕೇಳ್ರಿ. ಕೀಲಿ, ಬೆಲ್ಲ, ಕುದುರಿ, ಹಗ್ಗ, ಛತ್ರಿ," ಅಂದ್ರು. ಆಯಿ ಗೋಣ ಹಾಕಿದ್ಲು. ಚಾ ಆತು, ಮಳಿ ಮಾತು ಆತು.

"ಈಗ ಹೇಳ್ರಿ ಆಯಿ, ಆಗ ನಾ ಏನೇನ ಅಂದಿದ್ನಿ?"

ಆಯಿ ಅವರ ಮಾರಿ ನೋಡಿ ಲೊಚಗುಟ್ಟಿದ್ಲು. ನನ್ನ ಕಡೆ ಬಗ್ಗಿ, "ತಮ್ಮಾ, ಈಗರ ಹೇಳಿ ಈಗ ಮರತಾರಲ್ಲೋ! ಇಷ್ಟು ಸಣ್ಣ ವಯಸ್ಸಿನ್ಯಾಗ! ಯಾರಿಗರ ತೋರಸ್ಯಾರೇನು?" ಅಂದ್ಲು.

ಡಾಕ್ಟರು ಕಾಗದದ ಮ್ಯಾಲೆ 'ನೆನಪು: ಸೊನ್ನಿ' ಅಂತ ಬರಕೊಂಡ್ರು. ಆಯಿ ಅವರ ಕೈಯಾಗ ನಾಕು ಶೇಂಗಾದುಂಡಿ ಇಟ್ಟು, "ತಿನ್ರಿ, ಬುದ್ಧಿಗೆ ಚಲೋ. ಒಬ್ಬರ ಅಡ್ಡಾಡಬ್ಯಾಡ್ರಿ, ಮನಿ ಹಾದಿ ಮರತೀರಿ," ಅಂದ್ಲು.

೩. ತೂಕ

ಸುಗ್ಗಿ ಬಂತು. ಒಂದೊಂದ ಮಡಿ ಜೋಳ ತೂಗಿದ್ವಿ. ಎಲ್ಲಾದಕ್ಕಿಂತ ಜಾಸ್ತಿ ಯಾವುದು? ಉಪವಾಸದ ಮಡಿ!

ಸಾಹೇಬ್ರು ಎರಡನೇ ಸಲ ತೂಗಿಸಿದ್ರು. ತಕ್ಕಡಿ ಬದಲ ಮಾಡಿಸಿದ್ರು. ಕಣದಾಗ ಕುಂತು ಮೂರು ಹಾಳಿ ಗಣಿತಾ ಮಾಡಿದ್ರು. ಕಡೀಕ ನನ್ನ ಕಡೆ ಹೊಳ್ಳಿದ್ರು.

"ಗೂಟ ಅದಲ ಬದಲ ಮಾಡೀಯೇನೋ? ಏನೂ ಹಾಕದ ಮಡಿ ಎಲ್ಲಾದಕ್ಕಿಂತ ಚಲೋ ಬೆಳೀತಂತ ಬರದ್ರ ನನ್ನ ಹುಚ್ಚ ಅಂತಾರ. ನಿನ್ನ ಕಾಯಂ ಕಾಗದ ಹರದ ಒಗೀತೀನಿ!"

ನನಗ ಅಲ್ಲೇ ಸೀನು ಬಂದಂಗಾತು.

ಜೋಳ ಹಸನ ಮಾಡಾಕತ್ತಿದ್ದ ಆಯಿ ಮೊರ ಕೆಳಗಿಟ್ಲು. "ಆ ಹುಡುಗಗ ಯಾಕ ಬೈತೀರಿ? ತಿಪ್ಪಿ ಗೊಬ್ಬರ ನಾ ಹಾಕೀನಿ. ಮಣ್ಣೆತ್ತಿನ ಅಮಾಸಿಗೆ ಹತ್ತು ಬುಟ್ಟಿ, ಪಂಚಮಿಗೆ ಇಪ್ಪತ್ತು, ಗಣಪತಿ ಹಬ್ಬಕ್ಕ ಹದಿನೈದು. ಹಬ್ಬದ ದಿನಾ ನಾವು ಉಂಡಿ ತಿನ್ನೂದು, ಬಾಜೂಕ ಅದು ಹಸಕೊಂಡು ನಿಂದ್ರೂದು. ತುತ್ತು ಗಂಟಲದಾಗ ಇಳೀಬೇಕಲ್ರೀ?"

"ಈ ಲೆಕ್ಕಾ ನಂಬೂದು ಹೆಂಗ? ನಿಮ್ಮ ನೆನಪು ಸೊನ್ನಿ ಅಂತ ಡಾಕ್ಟರು ಬರದಾರ."

"ಕೀಲಿ, ಬೆಲ್ಲ, ಕುದುರಿ, ಹಗ್ಗ, ಛತ್ರಿ," ಅಂದ್ಲು ಆಯಿ. "ಪಾಪ, ಆ ಡಾಕ್ಟರಿಗೆ ಆಮ್ಯಾಲೆ ನೆನಪಾದುವೇನ್ರಿ?"

ಸಾಹೇಬ್ರು ನಕ್ಕು ನಕ್ಕು ಜೋಳದ ರಾಶಿ ಮ್ಯಾಲೇ ಕುಂತುಬಿಟ್ರು. ಆಮ್ಯಾಲೆ ಕಣ್ಣೀರ ಒರಸಿಕೊಂಡು ತಮ್ಮ ಹಾಳ್ಯಾಗ 'ಏನೂ ಇಲ್ಲ' ಅನ್ನೂದನ್ನ ಹೊಡದ ಹಾಕಿ, 'ಆಯಿ ಗೊಬ್ಬರ, ಮೂರು ಕಂತು' ಅಂತ ಬರದ್ರು. ನನ್ನ ಕಾಗದ ಉಳೀತು!

೪. ಮತ್ತ ಚೀಟಿ

ಮುಂದಿನ ವರ್ಷ ಅದ ಹೊಲ, ಅದ ಡಬ್ಬಿ. ನನ್ನ ಕಿಸೇದಾಗ ಮಾತ್ರ ಕಾಯಂ ಆದೇಶ, ನಿಂತಲ್ಲೇ ಕುಣೀಬೇಕು ಅನಿಸಾಕತ್ತಿತ್ತು. ಆಯಿ ಕಣ್ಣ ಮುಚ್ಚಿ, ಬನ್ನಿ ಗಿಡದ ಮಡಿಗೆ ಅಂತ ಚೀಟಿ ಎತ್ತಿದ್ಲು. ನಾ ಬಿಚ್ಚಿ ಓದಿದ್ನಿ. 'ಏನೂ ಇಲ್ಲ'.

ಆಯಿ ಹೊಳ್ಳಿ ತಿಪ್ಪಿ ಕಡೆ ನೋಡಿದ್ಲು.

ಸಾಹೇಬ್ರೂ ತಿಪ್ಪಿ ನೋಡಿದ್ರು. ಆ ಕಡೆ ಈ ಕಡೆ ಯಾರರ ಅದಾರೇನಂತ ನೋಡಿದ್ರು. ಆಮ್ಯಾಲೆ ಗಪ್ಪನ ನನ್ನ ಕೈಯಾಗಿನ ಚೀಟಿ ಕಸಗೊಂಡು, ಮಡಚಿ ಡಬ್ಬ್ಯಾಗ ಹಾಕಿ ಗಡಗಡ ಅಳ್ಳಾಡಿಸಿದ್ರು.

"ಆಯಿ, ಕೈ ತಪ್ಪೇತಿ ನೋಡ್ರಿ. ಇನ್ನೊಮ್ಮಿ ಎತ್ರಿ."