ಎಂಟಡಿ ವ್ಯಾಪ್ತಿಯ ಕ್ಷಿಪಣಿ

ಚಾಮರಾಜಪೇಟೆಯಲ್ಲಿ ಹೋದ ವರ್ಷದ ಆಷಾಢದವರೆಗೆ ಒಂದೇ ಒಂದು ಕ್ಷಿಪಣಿಯೂ ಇರಲಿಲ್ಲವೆಂಬುದು ದಾಖಲೆಗಳಿಂದ ದೃಢಪಟ್ಟಿದೆ. ಈ ಕೊರತೆಯ ಬಗ್ಗೆ ಸಾರ್ವಜನಿಕರಿಂದ ಯಾವುದೇ ದೂರು ಬಂದಿರಲಿಲ್ಲ. ಆದರೆ ನಮ್ಮ ವಾರ್ಡ್ ಸೌಂದರ್ಯೀಕರಣ ಉಪವಿಭಾಗವು ಜನ ಕೇಳುವ ಮೊದಲೇ ಕೆಲಸ ಮಾಡಿಕೊಡುವ ಕಚೇರಿ. ಜನ ಕೇಳಿದ ಕೆಲಸಗಳ ಅರ್ಜಿಗಳಿಗೆ ಬೇರೆ ಬೀರು ಇದೆ.

ನಾನು ಆ ಉಪವಿಭಾಗದಲ್ಲಿ ದ್ವಿತೀಯ ದರ್ಜೆ ಸಹಾಯಕ. ಕಡತ ಮೊದಲ ದಿನದಿಂದಲೂ ನನ್ನ ಮೇಜಿನ ಮೇಲೇ ಇದ್ದುದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲೆ.

ಕ್ಷಿಪಣಿ ಎಂದರೆ ಗಾಬರಿಪಡುವಂಥದ್ದೇನಲ್ಲ. ಸೇವೆಯಿಂದ ನಿವೃತ್ತವಾದ, ಒಳಗೆ ಏನೂ ಇಲ್ಲದ, ಪ್ರದರ್ಶನಕ್ಕೆಂದು ಕೊಡುವ ಖಾಲಿ ಕವಚ. ಒಂಬತ್ತು ಮೀಟರ್ ಉದ್ದ. ಹರೆಯದಲ್ಲಿ ನೂರೈವತ್ತು ಕಿಲೋಮೀಟರನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತಿತ್ತಂತೆ. ನಮ್ಮಲ್ಲಿಗೆ ಲಾರಿಯಲ್ಲಿ ಬಂತು. ಕಲಾಸಿಪಾಳ್ಯದಲ್ಲಿ ಎಲೆಕೋಸಿನ ಲಾರಿಗಳ ನಡುವೆ ಸಿಕ್ಕಿಕೊಂಡು, ಕೊನೆಯ ಒಂದೂವರೆ ಕಿಲೋಮೀಟರಿಗೆ ಮೂರು ಗಂಟೆ ತೆಗೆದುಕೊಂಡಿತು.

ನಮ್ಮ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಸಂಕರ್ಷಣ ಅವರು ವಿಷಯವನ್ನು ಆಳವಾಗಿ ಅಧ್ಯಯನ ಮಾಡಿ ಒಂದು ಟಿಪ್ಪಣಿ ಬರೆಸಿದ್ದರು. ಅದರ ಪ್ರಕಾರ, ಎಂಬತ್ತು ವರ್ಷಗಳ ಹಿಂದೆ ಒಂದು ದೇಶ ಯುದ್ಧಕಾಲದಲ್ಲಿ ಇಂಥದ್ದನ್ನು ಮಾಡಿತು. ಯುದ್ಧ ಮುಗಿದ ಮೇಲೆ ಗೆದ್ದವರು ಅದನ್ನು ಬಿಚ್ಚಿ ನೋಡಿ ತಾವೂ ಮಾಡಿದರು. ಅವರು ಸ್ನೇಹಿತರಿಗೆ ಮಾರಿದರು, ಸ್ನೇಹಿತರು ತಮ್ಮ ಸ್ನೇಹಿತರಿಗೆ ದಾಟಿಸಿದರು, ಅವರು ಪುನಃ ಬಿಚ್ಚಿ ನೋಡಿದರು. ಒಂದು ದೇಶವಂತೂ ಮೂರನ್ನು ಕೊಯ್ದು ಬೆಸುಗೆ ಹಾಕಿ ಎರಡು ಉದ್ದನೆಯವನ್ನು ಮಾಡಿಕೊಂಡಿತು. ಪ್ರತಿಯೊಬ್ಬರೂ ಕೊಟ್ಟ ಕಾರಣ ಒಂದೇ: ಪಕ್ಕದವರ ಹತ್ತಿರ ಇದೆ. ಸಾವಿರ ಕಿಲೋಮೀಟರಿನೊಳಗೆ ಹೋಗುವುದೆಲ್ಲ ಅಲ್ಪ ವ್ಯಾಪ್ತಿಯದು ಎಂಬ ವಾಕ್ಯದ ಕೆಳಗೆ ಸಂಕರ್ಷಣ ಅವರು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು.

“ಅಲ್ಪ ಅಂತ ಅವರೇ ಹೇಳಿದಾರಲ್ರೀ. ಅಲ್ಪಸ್ವಲ್ಪದ ಕೆಲಸಕ್ಕೆಲ್ಲ ಮೇಲಿನ ಕಚೇರಿ ಅನುಮತಿ ಬೇಕಾಗಲ್ಲ,” ಎಂದರು.

ಕ್ಷಿಪಣಿ ನಿಲ್ಲಿಸಲು ನಾಲ್ಕನೇ ಮುಖ್ಯರಸ್ತೆಯ ತ್ರಿಕೋನ ಪಾರ್ಕನ್ನು ಆರಿಸಲಾಯಿತು. ಪಾಯ ಗುರುತು ಮಾಡುತ್ತಿದ್ದ ದಿನ ಆಂಜಿನಯ್ಯ ಅಲ್ಲಿಗೆ ಬಂದರು. ಆಂಜಿನಯ್ಯ ನೀರಿನ ಕಚೇರಿಯ ವಾಲ್ವ್‌ಮ್ಯಾನ್. ನೆಲದೊಳಗಿನ ವಾಲ್ವಿಗೆ ಎದೆಯುದ್ದದ ಕಬ್ಬಿಣದ ಕೀಲಿ ಹಾಕಿ ತಿರುಗಿಸಿ, ಮೂರು ಬೀದಿಗಳಿಗೆ ಇಪ್ಪತ್ತೇಳು ವರ್ಷಗಳಿಂದ ನೀರು ಬಿಡುತ್ತಿದ್ದವರು. ನಿವೃತ್ತಿಗೆ ನಾಲ್ಕು ತಿಂಗಳಿತ್ತು.

“ಸಾರ್, ಇಲ್ಲಿ ಬೇಡ ಸಾರ್. ಕೆಳಗೆ ವಾಲ್ವ್ ಇದೆ,” ಎಂದರು.

ಸಂಕರ್ಷಣ ನಕ್ಷೆ ಬಿಡಿಸಿ ನೋಡಿದರು. “ನಕ್ಷೇಲಿ ಇಲ್ವಲ್ರೀ?”

“ನಕ್ಷೇಲಿ ಇಲ್ಲ ಸಾರ್. ನೆಲದಲ್ಲಿದೆ.”

“ನಾವು ನಕ್ಷೆ ಪ್ರಕಾರ ಹೋಗೋರು.”

“ಒಂದೆಂಟಡಿ ಆ ಕಡೆ ಇಟ್ರೆ ಸಾಕು ಸಾರ್. ನಿಮಗೂ ತೊಂದ್ರೆ ಇಲ್ಲ, ಜನಕ್ಕೂ ತೊಂದ್ರೆ ಇಲ್ಲ.”

“ಎಂಟಡೀನಾ? ಸಾವಿರ ಕಿಲೋಮೀಟರನ್ನೇ ಹತ್ರ ಅನ್ನೋ ವಿಷಯ ಇದು. ಇದರಲ್ಲಿ ಅಡಿ ಲೆಕ್ಕ ತರ್ತೀರಲ್ಲ ಆಂಜಿನಯ್ಯ!”

ಅಂದೇ ಮಧ್ಯಾಹ್ನ ಕಾಂಕ್ರೀಟ್ ಸುರಿಯಲಾಯಿತು. ಸ್ಥಾಪನಾ ಸಮಾರಂಭ ವಿಜೃಂಭಣೆಯಿಂದ ನಡೆಯಿತು. ಮರುದಿನ ಬೆಳಿಗ್ಗೆ ಮುನ್ನೂರ ಹನ್ನೆರಡು ಮನೆಗಳ ನಲ್ಲಿಗಳಲ್ಲಿ ಗಾಳಿ ಬಂತು.

ಹನ್ನೊಂದು ದಿನ ಹೀಗೇ ನಡೆಯಿತು. ಟ್ಯಾಂಕರ್‌ನವರು ಪಾರ್ಕಿನ ಬೇಲಿಗೇ ಬೋರ್ಡು ಕಟ್ಟಿದರು. ಎದುರು ಮನೆಯ ಅಂಬುಜಮ್ಮನವರಿಗೆ ಎಪ್ಪತ್ತಾರು ವರ್ಷ. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು, ಮಂಡಿ ನೋವು. ಅವರು ಬಿಂದಿಗೆ ಹಿಡಿದು ಟ್ಯಾಂಕರಿನ ಸಾಲಿನಲ್ಲಿ ನಿಂತದ್ದನ್ನು ನೋಡಲಾರದೆ ಆಂಜಿನಯ್ಯ ತಮ್ಮ ಮನೆಯಿಂದಲೇ ದಿನಾ ಎರಡು ಕ್ಯಾನ್ ನೀರು ಟಿವಿಎಸ್‌ನಲ್ಲಿಟ್ಟುಕೊಂಡು ಬಂದು ಅವರ ಬಚ್ಚಲಿಗೆ ಸುರಿದು ಹೋಗುತ್ತಿದ್ದರು. ಈ ಸಂಗತಿ ಕಡತದಲ್ಲಿಲ್ಲ. ಅಂಬುಜಮ್ಮನವರೇ ನನಗೆ ಹೇಳಿದ್ದು.

ಹನ್ನೆರಡನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಆಂಜಿನಯ್ಯ ಕೀಲಿಯ ಜೊತೆ ಹಾರೆಯನ್ನೂ ತಂದು, ಕಾಂಕ್ರೀಟಿನ ಪಕ್ಕದಿಂದ ಅಡ್ಡಲಾಗಿ ಅಗೆದು ವಾಲ್ವ್ ಮುಟ್ಟಲು ನೋಡಿದರು. ಮೊಣಕೈವರೆಗೆ ತೋಳು ಒಳಗೆ ಹೋಗಿತ್ತು, ಇನ್ನೊಂದು ಗೇಣು ಬಾಕಿ ಇತ್ತು. ಅಷ್ಟರಲ್ಲಿ ಕಾವಲಿನವನು ಬಂದು ಹಿಡಿದ.

ಮೂರು ದಿನದಲ್ಲಿ ಅವರಿಗೆ ನೀರಿನ ಕಚೇರಿಯಿಂದ ಆಪಾದನಾ ಪತ್ರ ಬಂತು. ಅದರ ಪ್ರತಿ ನಮಗೂ ಬಂದದ್ದರಿಂದ ಇಲ್ಲಿ ಉದ್ಧರಿಸುತ್ತಿದ್ದೇನೆ: “ಆಪಾದನೆ ಒಂದು: ಸದರಿ ನೌಕರರು ಹನ್ನೊಂದು ದಿನ ನೀರು ಬಿಡದೆ ಕರ್ತವ್ಯಲೋಪ ಎಸಗಿರುತ್ತಾರೆ. ಆಪಾದನೆ ಎರಡು: ಸದರಿ ನೌಕರರು ಹನ್ನೆರಡನೆಯ ದಿನ ನೀರು ಬಿಡಲು ಯತ್ನಿಸಿರುತ್ತಾರೆ. ಕ್ಷಿಪಣಿಯ ತಳದಲ್ಲಿ ಉದ್ದನೆಯ ಕಬ್ಬಿಣದ ಸಾಧನದೊಂದಿಗೆ ಸಿಕ್ಕಿಬಿದ್ದಿರುತ್ತಾರೆ. ಎರಡಕ್ಕೂ ಪ್ರತ್ಯೇಕವಾಗಿ ಸಮಜಾಯಿಷಿ ನೀಡತಕ್ಕದ್ದು.”

ಆಂಜಿನಯ್ಯ ಪತ್ರ ಹಿಡಿದು ನನ್ನ ಮೇಜಿನ ಮುಂದೆ ನಿಂತರು. ಅವರ ಕೀಲಿಯನ್ನು ಸಾಕ್ಷ್ಯವೆಂದು ಜಪ್ತಿ ಮಾಡಿದ್ದರು. ಇಪ್ಪತ್ತೇಳು ವರ್ಷ ಅದನ್ನು ಹಿಡಿದ ಕೈಗಳಿಗೆ ಈಗ ಏನು ಹಿಡಿಯಬೇಕೆಂದು ಗೊತ್ತಾಗದೆ ಆ ಕಾಗದವನ್ನೇ ಸುರುಳಿ ಸುತ್ತುತ್ತಿದ್ದವು.

“ಸಾರ್, ಎರಡೂ ತಪ್ಪು ಅಂತ ಒಪ್ಕೊಂಡ್ರೆ ಬಿಟ್ಬಿಡ್ತಾರಾ?”

“ಎರಡನ್ನೂ ಒಪ್ಕೊಂಡ್ರೆ ಪರಸ್ಪರ ವಿರುದ್ಧ ಹೇಳಿಕೆ ಅಂತ ಮೂರನೇದು ಬರತ್ತೆ ಆಂಜಿನಯ್ಯ,” ಎಂದೆ. ನಾನು ಯಾರಿಗೂ ಸುಳ್ಳು ಭರವಸೆ ಕೊಡುವವನಲ್ಲ.

“ನೀರು ಬಿಡೋದು ಬಿಟ್ರೆ ನಂಗೆ ಬೇರೇನೂ ಬರಲ್ಲ ಸಾರ್,” ಎಂದು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು. ಸಂಜೆ ಕಚೇರಿ ಬಾಗಿಲು ಹಾಕುವವರೆಗೂ ಕೂತಿದ್ದರು.

ಮಾರನೆಯ ದಿನ ಅಂಬುಜಮ್ಮ ಬಂದರು. ಹಿಂದಿನ ಎರಡು ವಾರದಲ್ಲಿ ಅವರು ಕ್ಷಿಪಣಿ ಸರಿಸಿ ಎಂದು ನಾಲ್ಕು ಅರ್ಜಿ ಕೊಟ್ಟಿದ್ದರು. ನಾಲ್ಕೂ ಆ ಬೇರೆ ಬೀರುವಿನಲ್ಲಿ ಸುರಕ್ಷಿತವಾಗಿದ್ದವು. ಈ ಸಲ ಅವರು ಅರ್ಜಿ ತಂದಿರಲಿಲ್ಲ. ಕೊಡೆ ಮೂಲೆಗಿಟ್ಟು ಸಂಕರ್ಷಣ ಅವರ ಎದುರು ಕುರ್ಚಿ ಎಳೆದುಕೊಂಡರು.

“ಅಮ್ಮಾ, ಸರಿಸೋಕೆ ಅವಕಾಶ ಇಲ್ಲ,” ಎಂದು ಸಂಕರ್ಷಣ ಮೊದಲೇ ಹೇಳಿಬಿಟ್ಟರು. “ನಿಯಮಾವಳಿ ಇದೆ. ಬೇಕಾದ್ರೆ ಓದಿ.”

ನಿಯಮಾವಳಿಯನ್ನು ಹಿಂದಿನ ವಾರ ನಾವೇ ರಚಿಸಿದ್ದೆವು. ಹದಿನಾಲ್ಕನೆಯ ನಿಯಮ ಹೀಗಿತ್ತು: “ಒಮ್ಮೆ ಸ್ಥಾಪಿಸಿದ ಕ್ಷಿಪಣಿಯು ತನ್ನ ಸ್ಥಾನದಿಂದ ಕದಲಿದಲ್ಲಿ, ಕದಲಲು ಕಾರಣವೇನೇ ಇರಲಿ, ಅದನ್ನು ಸ್ಥಳಾಂತರವೆಂದು ಪರಿಗಣಿಸದೆ ಉಡಾವಣೆ ಎಂದೇ ಪರಿಗಣಿಸತಕ್ಕದ್ದು.”

ಅಂಬುಜಮ್ಮ ಕನ್ನಡಕ ಏರಿಸಿ ಎರಡು ಸಲ ಓದಿದರು.

“ಸರಿ ಕಣಪ್ಪ. ಹಾಗಾದ್ರೆ ಉಡಾವಣೆನೇ ಮಾಡಿ.”

ಸಂಕರ್ಷಣ ನಿಯಮಾವಳಿಯನ್ನು ವಾಪಸ್ ತೆಗೆದುಕೊಂಡು ತಾವೇ ಒಮ್ಮೆ ಓದಿ ನೋಡಿದರು.

“ಬೇರೆ ದೇಶದೋರು ತಂದಿಟ್ಟು ಸುಮ್ನೆ ಕೂರ್ತಾರಾ? ಪರೀಕ್ಷೆ ಮಾಡ್ತಾರೆ, ಪೇಪರಲ್ಲಿ ಹಾಕಿಸ್ತಾರೆ. ನಿಮ್ಮದು ಬಂದು ಎರಡು ವಾರ ಆಯ್ತು. ಒಂದು ಪರೀಕ್ಷೆನಾದ್ರೂ ಆಯ್ತಾ? ನಾಳೆ ಮಲ್ಲೇಶ್ವರದೋರು ಕೇಳಿದ್ರೆ ಏನ್ ಹೇಳ್ತೀರಿ?”

ಸಂಕರ್ಷಣ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮಲ್ಲೇಶ್ವರದ ಎಂಜಿನಿಯರ್ ನಿತೀಶ್, ಸಂಕರ್ಷಣ ಅವರಿಗಿಂತ ಎರಡು ವರ್ಷ ಕಿರಿಯರಾಗಿದ್ದು ಮುಂಬಡ್ತಿಯ ಪಟ್ಟಿಯಲ್ಲಿ ಒಂದು ಸ್ಥಾನ ಮೇಲಿದ್ದರು. “ಆದ್ರೆ ಅಮ್ಮಾ, ಒಳಗೆ ಇಂಧನ ಇಲ್ವಲ್ಲ. ಖಾಲಿ ಡಬ್ಬ.”

“ಬ್ಯಾಲಿಸ್ಟಿಕ್ ಕ್ಷಿಪಣಿ ಅಂದ್ರೆ ಏನು ಗೊತ್ತಾ ನಿನಗೆ?”

“ಗೊತ್ತು,” ಎಂದರು ಸಂಕರ್ಷಣ. ಗೊತ್ತಿಲ್ಲದಾಗ ನಮ್ಮ ಕಚೇರಿಯಲ್ಲಿ ಬಳಸುವ ದನಿಯಲ್ಲಿ.

“ಮೊದಲು ಸ್ವಲ್ಪ ಹೊತ್ತು ನೂಕೋದು, ಅಷ್ಟೇ. ಆಮೇಲೆ ಎಂಜಿನ್ ನಿಂತುಹೋಗತ್ತೆ. ಉಳಿದ ದಾರಿಯೆಲ್ಲ ಎಸೆದ ಕಲ್ಲಿನ ಥರ ತನ್ನ ಪಾಡಿಗೆ ಹೋಗಿ ಬೀಳತ್ತೆ.”

“ನಮ್ಮ ಕಡತದ ಹಾಗೆ,” ಎಂದೆ ನಾನು. ಯಾರೂ ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ.

“ಕ್ರೇನಲ್ಲಿ ಎತ್ತಿ ಎಂಟಡಿ ಆಚೆ ಇಳಿಸಿ. ಸಾವಿರ ಕಿಲೋಮೀಟರೊಳಗೆ ಎಷ್ಟಿದ್ರೂ ಅಲ್ಪ ವ್ಯಾಪ್ತಿ ತಾನೆ? ಎಂಟಡಿ ಅದರೊಳಗೆ ಬರತ್ತೋ ಇಲ್ವೋ?”

ಸಂಕರ್ಷಣ ಕ್ಯಾಲ್ಕುಲೇಟರ್ ತೆಗೆದು ಎರಡು ಸಲ ಒತ್ತಿ ನೋಡಿದರು. “ಬರತ್ತೆ,” ಎಂದರು.

“ಇನ್ನೊಂದು. ಉಡಾಯಿಸೋನಿಗೆ ಆ ನೆಲ ಗೊತ್ತಿರಬೇಕು. ಆಂಜಿನಯ್ಯನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ. ಆಪಾದನೆ ಇರೋ ಮನುಷ್ಯನ ಕೈಲಿ ಕ್ಷಿಪಣಿ ಕೊಡೋಕಾಗತ್ತಾ? ಅದನ್ನ ಮೊದಲು ತೆಗೆಸಿ.”

ಹೀಗಾಗಿ ಎರಡೂ ಆಪಾದನೆಗಳನ್ನು ರಾಷ್ಟ್ರಹಿತದ ದೃಷ್ಟಿಯಿಂದ ಕೈಬಿಡಲಾಯಿತು. ಆಂಜಿನಯ್ಯನವರನ್ನು ‘ಪ್ರಭಾರ ಉಡಾವಣಾಧಿಕಾರಿ’ ಎಂದು ನೇಮಿಸಲಾಯಿತು. ಕೀಲಿಯನ್ನು ಸಹಿ ಹಾಕಿಸಿಕೊಂಡು ಹಿಂತಿರುಗಿಸಿದರು. ಅವರು ಅದನ್ನು ಪಂಚೆಯ ತುದಿಯಿಂದ ಒರೆಸಿ, ತುಕ್ಕು ಹಿಡಿದಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದರು.

ಉಡಾವಣೆಗೆ ಮುನ್ನ ನೆರೆಯವರಿಗೆ ತಿಳಿಸುವುದು ಕೆಲವು ದೇಶಗಳ ನಡುವಿನ ಪದ್ಧತಿ. ಅದರಂತೆ ಮೂರು ದಿನ ಮೊದಲೇ ಪ್ರಕಟಣೆ ಹೊರಡಿಸಿದೆವು. “ದಿನಾಂಕ ಹದಿನೆಂಟರ ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಕ್ಷಿಪಣಿ ಉಡಾಯಿಸಲಾಗುವುದು. ಮೀನುಗಾರರು ಆಳ ನೀರಿಗೆ ಇಳಿಯಬಾರದು. ಗಾಳಿಪಟ ಹಾರಿಸಬಾರದು. ಎಂಟಡಿ ವ್ಯಾಪ್ತಿಯಲ್ಲಿ ನಿಲ್ಲಿಸಿದ ದ್ವಿಚಕ್ರ ವಾಹನಗಳನ್ನು ತೆರವುಗೊಳಿಸತಕ್ಕದ್ದು.” ಮೀನುಗಾರರು ಸಿಗದ ಕಾರಣ ಒಂದು ಪ್ರತಿಯನ್ನು ಕೆಂಪಾಂಬುಧಿ ಕೆರೆಯ ದಡದ ಮರಕ್ಕೆ ಅಂಟಿಸಲಾಯಿತು. ಬಸವನಗುಡಿಯಿಂದ “ಗಮನಿಸಲಾಗಿದೆ” ಎಂದು ಉತ್ತರ ಬಂತು. ಮಲ್ಲೇಶ್ವರದಿಂದ “ಗಂಭೀರವಾಗಿ ಗಮನಿಸಲಾಗಿದೆ” ಎಂದು ಬಂತು.

ಬುಧವಾರ ಇಡೀ ರಸ್ತೆ ತುಂಬಿತ್ತು. ಕೆ.ಆರ್. ಮಾರ್ಕೆಟ್ಟಿನಿಂದ ತಂದ ಚೆಂಡು ಹೂವಿನ ಹಾರ ಹಾಕಿ, ಕ್ರೇನಿನ ಚಕ್ರದಡಿ ನಿಂಬೆಹಣ್ಣು ಇಟ್ಟರು. ಇಸ್ತ್ರಿ ಮಾಡಿದ ಖಾಕಿ ತೊಟ್ಟ ಆಂಜಿನಯ್ಯ ಮೈಕಿನಲ್ಲಿ ಹತ್ತರಿಂದ ಕೆಳಗೆ ಎಣಿಸಿದರು. ಮೂರಕ್ಕೆ ಬಂದಾಗ ಕ್ರೇನಿನವನು ಸರಪಳಿ ಬಿಗಿಯಾಗಿಲ್ಲ ಎಂದ. ಪುನಃ ಹತ್ತರಿಂದ ಎಣಿಸಿದರು.

ಅಧಿಕೃತ ವರದಿಯಂತೆ, ಕ್ಷಿಪಣಿಯು ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಏರಿ, ಹದಿನೇಳು ನಿಮಿಷ ಹಾರಾಟ ನಡೆಸಿ, ಎಂಟಡಿ ದೂರದ ಗುರಿಯನ್ನು ಎರಡು ಇಂಚಿನ ವ್ಯತ್ಯಾಸದಲ್ಲಿ ತಲುಪಿತು. ಜನ ಚಪ್ಪಾಳೆ ತಟ್ಟಿದರು. ಸಂಕರ್ಷಣ ಅವರ ಕಣ್ಣಲ್ಲಿ ನೀರು ಬಂತು.

ಆಂಜಿನಯ್ಯ ಯಾರನ್ನೂ ನೋಡಲಿಲ್ಲ. ಹಳೆಯ ಕಾಂಕ್ರೀಟ್ ಒಡೆಸಿ, ಮಣ್ಣು ಕೆದರಿ, ಹಳ್ಳದೊಳಕ್ಕೆ ಕೀಲಿ ಇಳಿಸಿದರು. ತಿರುಗಲಿಲ್ಲ. ಇಡೀ ಮೈ ಹಾಕಿ ಇನ್ನೊಮ್ಮೆ ತಿರುಗಿಸಿದರು. ಆಮೇಲೆ ನೆಲಕ್ಕೆ ಕಿವಿ ಹಚ್ಚಿ ಮಲಗಿಬಿಟ್ಟರು. ಇಸ್ತ್ರಿಯ ಖಾಕಿ ಕೆಸರಾಯಿತು.

“ಬಂತು,” ಎಂದರು.

ಎದುರು ಮನೆಯ ನಲ್ಲಿ ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿಯಾಗಿ ಸುರಿಯತೊಡಗಿತು. ಅಂಬುಜಮ್ಮ ಒಂದು ಲೋಟ ನೀರು ತಂದು ಆಂಜಿನಯ್ಯನವರ ಕೈಗಿಟ್ಟರು.

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಹದಿನೈದೇ ದಿನದಲ್ಲಿ ಮಲ್ಲೇಶ್ವರದ ನಿತೀಶ್ ಎಲ್ಲಿಂದಲೋ ಒಂದು ಕವಚ ತರಿಸಿ ಹನ್ನೊಂದು ಅಡಿ ಹಾರಿಸಿದರು. ಚಾಮರಾಜಪೇಟೆಯ ಗೌರವದ ಪ್ರಶ್ನೆ ಬಂತು; ನಾವು ಹದಿನಾಲ್ಕು ಅಡಿ ಹಾರಿಸಿದೆವು. ತನ್ನಲ್ಲಿ ಒಂದೂ ಇಲ್ಲದ ಬಸವನಗುಡಿ ಶಾಂತಿಗೆ ಕರೆ ಕೊಟ್ಟಿತು, ಮರುವಾರ ಎರಡು ತರಿಸಿಕೊಂಡಿತು. ಒಂದೊಂದು ಪರೀಕ್ಷೆಯಲ್ಲೂ ಕ್ಷಿಪಣಿ ಒಂದಷ್ಟು ಮುಂದೆ ಹೋಗುತ್ತಿದ್ದರಿಂದ, ಹೀಗೇ ಬಿಟ್ಟರೆ ಯಾರದ್ದು ಯಾರ ವಾರ್ಡಿಗೆ ಬಂದು ನಿಲ್ಲುವುದೋ ಎಂಬ ಆತಂಕ ಹುಟ್ಟಿತು. ಕೊನೆಗೆ ಮೂರೂ ಬಡಾವಣೆಗಳ ಎಂಜಿನಿಯರುಗಳು ಗಾಂಧಿನಗರದ ಒಂದು ಹೋಟೆಲಿನಲ್ಲಿ ಸೇರಿ, ಮಸಾಲೆ ದೋಸೆಯ ನಂತರ ಒಪ್ಪಂದಕ್ಕೆ ಸಹಿ ಹಾಕಿದರು. ವಾರಕ್ಕೆ ಎರಡೇ ಪರೀಕ್ಷೆ. ಪರೀಕ್ಷೆ ಮುಗಿದ ಕೂಡಲೇ ಪ್ರತಿ ಕ್ಷಿಪಣಿಯೂ ಮೊದಲು ಸ್ಥಾಪಿಸಿದ ಜಾಗಕ್ಕೇ ಹಿಂತಿರುಗತಕ್ಕದ್ದು.

ನಮ್ಮದು ಮೊದಲು ಸ್ಥಾಪನೆಯಾದದ್ದು ವಾಲ್ವಿನ ಮೇಲೆ.

ಆಂಜಿನಯ್ಯ ನಿಗದಿಯಂತೆ ನಿವೃತ್ತರಾದರು. ಶಾಲು, ಹಣ್ಣಿನ ಬುಟ್ಟಿ ಕೊಟ್ಟೆವು. ಅವರೂ ಅವರ ಹೆಂಡತಿ ಗಂಗರತ್ನಮ್ಮನೂ ಬುದ್ಧಗಯೆಗೆ ರೈಲು ಟಿಕೆಟ್ ಮಾಡಿಸಿದ್ದರು. ಮರುದಿನವೇ ಅವರನ್ನು ಗುತ್ತಿಗೆಯ ಮೇಲೆ ವಾಪಸ್ ಕರೆಸಲಾಯಿತು. ನಗರದಲ್ಲಿ ಅನುಭವವುಳ್ಳ ಉಡಾವಣಾಧಿಕಾರಿ ಬೇರೊಬ್ಬರಿರಲಿಲ್ಲ.

“ವಿಶ್ವಶಾಂತಿ ಆಗೋವರೆಗೂ ಅಂತ ಬರ್ದಿದೆ ಸಾರ್ ಇದರಲ್ಲಿ,” ಎಂದು ಆದೇಶ ತೋರಿಸಿದರು. “ಯಾವಾಗ ಆಗ್ಬೋದು?”

“ಅದಕ್ಕೆ ಪ್ರತ್ಯೇಕ ಕಡತ ಇದೆ,” ಎಂದೆ.

“ಹೋಗ್ಲಿ ಬಿಡಿ. ನಾನು ಹೋದ್ರೆ ಇಲ್ಲಿ ಬಿಡೋರು ಯಾರು?” ಎಂದು ಟಿಕೆಟ್ ರದ್ದು ಮಾಡಿಸಲು ಹೊರಟರು.

ಹೋದ ತಿಂಗಳು ಅಂಬುಜಮ್ಮನವರ ಮಹಡಿಗೆ ಬಿಂದುಶ್ರೀ ಎಂಬ ಬ್ಯಾಂಕ್ ಉದ್ಯೋಗಿ ಬಾಡಿಗೆಗೆ ಬಂದರು. ಸಾಮಾನು ಇಳಿಸುತ್ತಲೇ ಕೇಳಿದರಂತೆ:

“ಆಂಟಿ, ಇಲ್ಲಿ ನೀರು ಯಾವಾಗ ಬಿಡ್ತಾರೆ?”

“ಮಂಗಳವಾರ, ಶುಕ್ರವಾರ. ಕ್ಷಿಪಣಿ ಬಿಟ್ಟು ಕಾಲು ಗಂಟೆಗೆ ಬರತ್ತಮ್ಮ. ವಾಪಸ್ ತಂದಿಡೋವರೆಗೂ ಇರತ್ತೆ.”

ಬಿಂದುಶ್ರೀ ಮೊಬೈಲಿನಲ್ಲಿ ಬರೆದುಕೊಂಡರು.

“ಕ್ಷಿಪಣಿ ಬೆಳಿಗ್ಗೆ ಬಿಡ್ತಾರಾ, ಮಧ್ಯಾಹ್ನನಾ? ನಂಗೆ ಒಂಬತ್ತೂವರೆಗೆ ಆಫೀಸು.”