ಮುಂದಿನ ಗಾಲಿಯ ಟಕಟಕ

ನಮ್ಮ ಕಾಕಾ ಮೂವತ್ತು ವರ್ಷ ಕೋರ್ಟಿನಲ್ಲಿ ಕಾರಕೂನಕಿ ಮಾಡಿ ಕಲಿತ ವಿದ್ಯೆ ಒಂದೇ: ಸಾಕ್ಷಿ ಇಲ್ಲದೆ ಬ್ರಹ್ಮದೇವ ಬಂದು ಹೇಳಿದರೂ ನಂಬಬಾರದು! ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ನಾನು ಅಂದರೆ, "ನಿನ್ನ ಬಿಟ್ಟು ಮತ್ಯಾರು ತಿಂದಾರ?" ಎಂದು ಕೇಳುತ್ತಿದ್ದರು. ಎರಡನೆಯವರು ತಿಂದು ಹೌದೆನ್ನುವವರೆಗೆ ಆ ಪಲ್ಯದ ಉಪ್ಪು ಸರಿಯಾಗಿಯೇ ಇರುತ್ತಿತ್ತು. ಮಳೆ ಬಂದರೂ ಅಷ್ಟೇ. ಅಂಗಳಕ್ಕಿಳಿದು, ನಿಂತು, ಪೂರ್ತಿ ತೊಯ್ದು ಒಳಗೆ ಬಂದು, "ಖರೇನ ಬರಾಕತ್ತೈತಿ" ಎಂದು ತೀರ್ಪು ಕೊಡುತ್ತಿದ್ದರು.

ಇಂಥವರು ಪಿಂಚಣಿಯಾದ ವರ್ಷ ಹುಬ್ಬಳ್ಳಿಯ ಅರಳೆ ವ್ಯಾಪಾರಿಯೊಬ್ಬರಿಂದ ಒಂದು ಹಳೆಯ ಮೋಟಾರು ಕೊಂಡರು. ಯುದ್ಧಕ್ಕೆ ಮುಂಚಿನ ಮಾತು. ಪೆಟ್ರೋಲು ಸಲೀಸಾಗಿ ಸಿಗುತ್ತಿದ್ದ ಕಾಲ. ಮಾಳಮಡ್ಡಿಯ ಮನೆಯಲ್ಲಿ ಆಗ ನಾವು ನಾಲ್ಕು ಮಂದಿ. ಕಾಕಾ, ಕಾಕು, ಕಾಕಾನ ತಾಯಿ ಅಂದರೆ ನಮ್ಮ ಅಜ್ಜಿ, ಮತ್ತು ಸಾಲಿ ಮಾಸ್ತರಿಕೆ ಸಿಕ್ಕ ಹೊಸತರಲ್ಲಿ ಅವರ ಅನ್ನಕ್ಕೆ ಬಿದ್ದಿದ್ದ ನಾನು.

ಮೋಟಾರು ನೆಟ್ಟಗೆ ಹೋಗುವಾಗ ಪರಮ ಸಾಧು. ಬಲಕ್ಕೆ ಹೊಳ್ಳಿಸಿದರೆ ಮಾತ್ರ ಮುಂದಿನ ಗಾಲಿಯ ಕಡೆಯಿಂದ ಟಕ್... ಟಕ್... ಟಕ್...!

ಮಿಸ್ತ್ರಿಗೆ ತೋರಿಸಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ.

"ಮಿಸ್ತ್ರಿ ಬಂದಾಂವನ ಎಲ್ಲಾ ಬಿಚ್ಚಿ ಹಾಕತಾನ. ಕಳ್ಳ ಯಾರಂತ ಗೊತ್ತಾಗೋಕಿಂತ ಮೊದಲ ಇಡೀ ಓಣಿ ಮಂದೀನ ಒಳಗ ಹಾಕಿದ್ಹಾಂಗ! ಯಾವ ಗಾಲಿ, ಯಾವ ಜಾಗಾ, ಮೊದಲು ತಪಾಸ ಆಗಬೇಕು."

ತಪಾಸ ಮುಗಿಯುವವರೆಗೆ ಬಲಕ್ಕೆ ಹೊಳ್ಳುವುದು ಬಂದ್! ಪೇಟೆ ನಮ್ಮ ಓಣಿಯಿಂದ ಬಲಕ್ಕೆ ಎರಡೇ ಫರ್ಲಾಂಗು. ನಾವು ಎಡಕ್ಕೆ ಹೊಳ್ಳಿ, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ ಹೊಳ್ಳಿ, ಅರ್ಧ ಧಾರವಾಡಕ್ಕೆ ಪ್ರದಕ್ಷಿಣೆ ಹಾಕಿ ಪೇಟೆ ಮುಟ್ಟುತ್ತಿದ್ದೆವು. ಬರುವಾಗಲೂ ಅದೇ ಯಾತ್ರೆ. ಬಾಡಿ ಹುಲ್ಲಾಗಿದ್ದ ಕೊತ್ತಂಬರಿ ಸೂಡನ್ನು ಅಜ್ಜಿ ಮೂಸಿ ನೋಡಿ, "ಕಾಶಿಯಿಂದ ತಂದ್ರೇನು?" ಅಂದಳು.

ಆ ಹೊತ್ತಿಗೇ ಗರಗದಿಂದ ಸುದ್ದಿ ಬಂತು. ಗರಗ ಕಾಕುವಿನ ತವರೂರು. ಆಕೆಯ ತಾಯಿ ಹಿತ್ತಲಲ್ಲಿ ಬಿದ್ದು ಕಾಲು ಮುರಿದುಕೊಂಡು ನಾಲ್ಕು ತಿಂಗಳು ಹಾಸಿಗೆಯಲ್ಲಿದ್ದವರು, ಈಗ ಎದ್ದು ಮನೆ ಮುಂದಿನ ಕಟ್ಟೆಯವರೆಗೆ ಬರುತ್ತಿದ್ದರು. ಖಾದಿ ಮಾರಲು ಬಂದವನ ಕೈಯಲ್ಲಿ ಹೇಳಿ ಕಳಿಸಿದ್ದರು: "ಮಗಳು ಮೋಟಾರದಾಗ ಬರೋದನ್ನ ಒಮ್ಮಿ ಕಣ್ಣಿಲೆ ನೋಡಬೇಕು."

"ಯಾವಾಗ ಹೋಗೋಣ್ರಿ?" ಎಂದು ಕಾಕು ಕೇಳಿದಳು.

"ಗರಗದ ಹಾದ್ಯಾಗ ಬಲಕ್ಕ ಹೊಳ್ಳೋವು ಎಷ್ಟ ಅದಾವ, ಗೊತ್ತೇನು ನಿನಗ?"

ಕಾಕು ಒಳಗೆ ಹೋದಳು. ಆಮೇಲೆ ಅಡಿಗೆ ಮನೆಯ ಪಾತ್ರೆಗಳೆಲ್ಲ ಒಂದೊಂದಾಗಿ ಮಾತಾಡಿದವು. ಮರುದಿನ ಮುಂಜಾನೆಯೇ ಕಾಕಾ ತಪಾಸಕ್ಕೆ ನಿಂತರು.

ತೊಡಕು ಇದ್ದದ್ದು ಒಂದೇ. ಗಾಲಿಗೆ ಕಿವಿ ಕೊಟ್ಟು ಕೇಳಬೇಕಾದರೆ ಕಾಕಾ ಮೋಟಾರಿನ ಹೊರಗಿರಬೇಕು. ಹಾಗಾದರೆ ಒಳಗೆ ಕೂತು ಹೊಡೆಯುವವರು ಯಾರು?

"ನಾ ಹೊಡೀತೇನ್ರಿ ಕಾಕಾ."

"ನೀ ಸೈಕಲ್ ಮ್ಯಾಲಿಂದ ಮೂರ ಸಲ ಬಿದ್ದಾಂವ. ಸಾಕ್ಷಿ ಅದಾವ." ಹಾಗಂದು ಅಡಿಗೆ ಮನೆಯ ಕಡೆ ತಿರುಗಿ ಕೂಗಿದರು, "ಏ, ಬಾ ಇಲ್ಲೆ! ಮೋಟಾರ ಹೊಡಿಯೋದು ಕಲೀ!"

ಅಜ್ಜಿಯ ಕೈಯಲ್ಲಿದ್ದ ಜಪಮಣಿ ಕೆಳಗೆ ಬಿತ್ತು. "ನಮ್ಮ ಮನಿ ಸೊಸಿ ಮೋಟಾರ ಹೊಡಿಯೋದೇನೋ, ಹುಚ್ಚಾ?"

"ಆಕಿ ಎಲ್ಲಿ ಹೊಡೀತಾಳಬೇ, ಅವ್ವಾ? ಆಕಿ ರಿಪೇರಿ ಮಾಡತಾಳ!"

ರಿಪೇರಿ ಅಂದ ಮೇಲೆ ಅಜ್ಜಿ ಜಪಮಣಿ ಎತ್ತಿಕೊಂಡು ಮತ್ತೆ ಎಣಿಸತೊಡಗಿದಳು.

ಊರ ಹೊರಗಿನ ಮೈದಾನದಲ್ಲಿ ಕಾಕಾನಿಂದ ಮೊದಲ ಪಾಠ ಹೇಳಿಸಿಕೊಂಡು ಕಾಕು ಸೆರಗು ಬಿಗಿದು ಕೂತಳು. ಹಿಂದಿನ ಸೀಟಿನಲ್ಲಿ ಬರೆದುಕೊಳ್ಳಲು ವಹಿ ಹಿಡಿದು ನಾನು. ಹೊರಗೆ ಕಾಕಾ, ಧೋತರ ಕಚ್ಚೆಗೆ ಸಿಕ್ಕಿಸಿ, ಸೊಂಟ ಬಗ್ಗಿಸಿ, ಗಾಲಿಯ ಕಡೆ ಕಿವಿ ಮಾಡಿ ಮೋಟಾರಿನ ಜೋಡಿ ಓಡಾಕತ್ತಿದರು! ಕಾಕು ಬಲಕ್ಕೆ ಹೊಳ್ಳಿಸಿ ಸುತ್ತು ಹಾಕಿದಳು. ಟಕ್... ಟಕ್...

"ಎಡಗಡೆ ಗಾಲಿ! ಬರಕೋ!" ಕಾಕಾ ಒದರಿದರು. ಎರಡನೆಯ ಸುತ್ತಿಗೆ ಅವರ ಉಸಿರೇ ಗಾಲಿಗಿಂತ ಜೋರಾಗಿ ಸಪ್ಪಳ ಮಾಡುತ್ತಿತ್ತು. "ಸಾಕು! ನಿಲ್ಲಸು!"

"ಹೆಂಗ್ರಿ?"

ಕಾಕಾನ ಮುಖ ಬಿಳುಚಿತು. "ಅದು ನಾಳಿನ ಪಾಠ ಇತ್ತು!"

ಎಷ್ಟು ಸುತ್ತು ಹಾಕಿದೆವೋ ನನಗೆ ನೆನಪಿಲ್ಲ. ನಾನು ಕಣ್ಣು ಮುಚ್ಚಿದ್ದೆ. ಕೊನೆಗೆ ಮೈದಾನದ ಅಂಚಿಗಿದ್ದ ಜೋಳದ ಕಣಕಿಯ ಬಣವೆಯಲ್ಲಿ ಮೂಗು ತೂರಿಸಿ ಮೋಟಾರು ನಿಂತಿತು. ಕಾಕು ತಲೆಯ ತುಂಬ ಕಣಕಿ ರವದಿ ಹೊತ್ತು ಕೆಳಗಿಳಿದಳು. ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದರೆ ಆಕೆ ಹೊಟ್ಟೆ ಹಿಡಿದುಕೊಂಡು ನಗಾಕತ್ತಿದ್ದಳು! ನಾನು ಆ ಮನೆಗೆ ಬಂದಾಗಿನಿಂದ ಆಕೆ ಹಾಗೆ ನಕ್ಕದ್ದನ್ನು ನೋಡಿರಲಿಲ್ಲ. ಕಾಕಾನೂ ನೋಡಿರಲಿಲ್ಲವೋ ಏನೋ, ಏದುಸಿರು ಬಿಡುತ್ತ ಆಕೆಯನ್ನೇ ನೋಡುತ್ತ ನಿಂತರು.

ನಗು ನಿಂತ ಮೇಲೆ ಕಾಕು ಅಂದಳು: "ಇದು ಬೀಸೋ ಕಲ್ಲಿನ ಸಪ್ಪಳರಿ. ನಡುವಿನ ಗೂಟ ಸಡಲಾದ್ರ ಕಲ್ಲು ವಾಲಿ ಹಿಂಗ ಟಕ್ ಟಕ್ ಅಂತೈತಿ. ಗಾಲಿ ಎತ್ತಿ ಅಳ್ಳಾಡಿಸಿ ನೋಡ್ರಿ."

ಜಾಕು ಹಚ್ಚಿ ಗಾಲಿ ಎತ್ತಿದೆವು. ಕಾಕು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಳ್ಳಾಡಿಸಿದಳು. ಗಾಲಿ ಹಾಲುಹಲ್ಲಿನ ಹಾಗೆ ಅಲುಗಿ, ಟಕ್! ನಾನು ಅಳ್ಳಾಡಿಸಿದೆ, ಟಕ್! ಕಾಕಾ ಅಳ್ಳಾಡಿಸಿದರು, ಟಕ್! ಮೂರು ಸಾಕ್ಷಿಗಳ ಮುಂದೆ ಅಪರಾಧಿ ತಪ್ಪೊಪ್ಪಿಕೊಂಡಿತು.

ಹುಬ್ಬಳ್ಳಿಯಿಂದ ಮಿಸ್ತ್ರಿ ಬಂದ. ಗಾಲಿ ಬಿಚ್ಚಿದರೆ, ಒಳಗಿನ ಬೇರಿಂಗಿನ ಒಂದು ಗುಂಡು ಒಡೆದು ಎರಡು ಹೋಳಾಗಿತ್ತು. "ಇನ್ನ ನಾಲ್ಕ ಸಲ ಹೊಳ್ಳಿಸಿದ್ರ ಗಾಲಿ ನಿಮಗಿಂತ ಮೊದಲ ಗರಗ ಮುಟ್ಟತಿತ್ರಿ, ಸಾಹೇಬ್ರ! ಯಾರು ಕಂಡ ಹಿಡದವ್ರು?"

"ನಮ್ಮ ಮನಿಯಾಕಿ," ಅಂದರು ಕಾಕಾ, ಮೀಸೆಯ ಮೇಲೆ ಕೈಯಾಡಿಸುತ್ತ.

ಹೊಸ ಬೇರಿಂಗು ಬಿತ್ತು, ಸಪ್ಪಳ ಹೋಯಿತು. ಸರಿ, ಇನ್ನು ಕಾಕಾನೇ ಹೊಡೆದುಕೊಂಡು ಹೋಗಬಹುದಲ್ಲ? ಆದರೆ ಅವತ್ತು ಊಟಕ್ಕೆ ಕೂತಾಗ ಅಜ್ಜಿಗೆ ಕೇಳುವ ಹಾಗೆ ಅವರು ಅಂದರು: "ಇನ್ನೂ ಸಣ್ಣಗ ಟಕ್ ಅಂತೈತಿ. ರಿಪೇರಿ ಮುಗದಿಲ್ಲ. ಆಕೀನ ಹೊಡೀಬೇಕು, ನಾ ಕೇಳಬೇಕು."

"ಎಲ್ರಿ ಕಾಕಾ, ನನಗೇನೂ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಕಾಲು ನನ್ನ ಕಾಲನ್ನು ತುಳಿಯಿತು.

ಹದಿನೈದು ದಿನ 'ರಿಪೇರಿ' ನಡೆಯಿತು. ನಿಲ್ಲಿಸುವ ಪಾಠವೂ ಆಯಿತು! ಒಂದು ಮುಂಜಾನೆ ಗರಗಕ್ಕೆ ಹೊರಟೆವು. ಕಾಕು ಹೊಡೆಯುತ್ತಿದ್ದಳು, ಪಕ್ಕದಲ್ಲಿ ಕಾಕಾ, ಹಿಂದೆ ನಾನು. ಎಡಕ್ಕೂ ಹೊಳ್ಳಿದೆವು, ಬಲಕ್ಕೂ ಹೊಳ್ಳಿದೆವು. ಮೋಟಾರು ಕಮಕ್ ಕಿಮಕ್ ಅನ್ನಲಿಲ್ಲ.

ಊರ ಅಗಸಿ ಬಾಗಿಲು ಕಂಡ ಕೂಡಲೆ ಕಾಕಾ, "ನಿಲ್ಲಸು, ನಿಲ್ಲಸು," ಅಂದರು. ತಾವೂ ಇಳಿದು ನನ್ನನ್ನೂ ಇಳಿಸಿದರು.

"ಯಾಕ್ರಿ? ಮತ್ತ ಸಪ್ಪಳ ಬಂತೇನು?"

"ಹೂಂ. ನೀ ನಡಿ ಮುಂದ. ನಾವು ಹಿಂದಿಂದ ಕೇಳತೇವಿ."

ಮೋಟಾರು ಧೂಳೆಬ್ಬಿಸಿ ಅಗಸಿಯೊಳಗೆ ಹೋಯಿತು.

"ಕಾಕಾ, ಸಪ್ಪಳಿಲ್ಲ ಏನಿಲ್ಲ!"

"ಗೊತ್ತೈತೋ, ಮಾರಾಯಾ," ಅಂದರು. ಅವರ ಕಣ್ಣು ಇನ್ನೂ ಆ ಧೂಳಿನ ಮೇಲೆಯೇ ಇತ್ತು. "ಬಾಜೂಕ ನಾ ಕುಂತ್ರ ಮಂದಿ 'ಅಳಿಯಾ ಬಂದಾ' ಅಂತಾರ. ಮುದುಕಿ ಕಟ್ಟಿ ಮ್ಯಾಲ ಕುಂತು ಮಗಳ ಹಾದಿ ನೋಡಾಕತ್ತಾಳ."

ಊರೊಳಗಿಂದ ಹಾರ್ನು ಉದ್ದಕ್ಕೆ ಕೂಗಿತು. ನಾನು ದಾಪುಗಾಲು ಹಾಕಿದೆ. ಕಾಕಾ ನನ್ನ ಅಂಗಿಯ ತುದಿ ಹಿಡಿದು ಜಗ್ಗಿದರು.

"ಸಾವಕಾಶ ನಡಿಯೋ," ಅಂದರು.